ಇಂಗ್ಲೆಂಡಿನ ಸಂಬಳವಿಲ್ಲದ ಮ್ಯಾಜಿಸ್ಟ್ರೇಟರು

ನ್ಯಾಯಾಧೀಶರೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಸಾಮಾನ್ಯವಾಗಿ ಒಂದೇ ಬಗೆಯದು. ಕಾನೂನಿನ ಪದವಿ ಪಡೆದು, ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಕರಿಯ ನಿಲುವಂಗಿ ತೊಟ್ಟು, ಎತ್ತರದ ಪೀಠದ ಮೇಲೆ ಒಬ್ಬರೇ ಕುಳಿತಿರುವ ಗಂಭೀರ ವ್ಯಕ್ತಿಯ ಚಿತ್ರವದು. ನ್ಯಾಯ ಹೇಳುವುದಕ್ಕೆ ಕಾನೂನು ಓದಿರಬೇಕೆಂಬುದರಲ್ಲಿ ನಮಗೆ ಸಂದೇಹವೇ ಇಲ್ಲ. ವೈದ್ಯ ಓದದವನು ಔಷಧ ಕೊಡಬಹುದೇ? ಹಾಗೆಯೇ ಇದೂ ಎಂದು ನಾವು ತಿಳಿದಿದ್ದೇವೆ.

ಆದರೆ ಇಂಗ್ಲೆಂಡಿನ ಯಾವುದಾದರೊಂದು ಪಟ್ಟಣದ ಮ್ಯಾಜಿಸ್ಟ್ರೇಟ್ ನ್ಯಾಯಸ್ಥಾನಕ್ಕೆ ಹೋಗಿ ನೋಡಿದರೆ ಈ ನಂಬಿಕೆ ಅಲುಗಾಡುತ್ತದೆ. ಅಲ್ಲಿ ಪೀಠದ ಮೇಲೆ ಮೂವರು ಕುಳಿತಿರುತ್ತಾರೆ. ನಿಲುವಂಗಿಯಿಲ್ಲ, ತಲೆಗೆ ಬಿಳಿಯ ಟೋಪನ್ನೂ ಹಾಕಿರುವುದಿಲ್ಲ. ಎಲ್ಲರಂತೆ ಸಾಧಾರಣ ಉಡುಪು. ಅವರಲ್ಲಿ ಒಬ್ಬರು ಶಾಲೆಯ ಉಪಾಧ್ಯಾಯಿನಿಯಾಗಿರಬಹುದು, ಒಬ್ಬರು ಅಂಗಡಿಯವರಾಗಿರಬಹುದು, ಇನ್ನೊಬ್ಬರು ನಿವೃತ್ತರಾದ ದಾದಿಯಾಗಿರಬಹುದು. ಮೂವರಲ್ಲಿ ಯಾರೂ ಕಾನೂನು ಓದಿದವರಾಗಿರಬೇಕಾಗಿಲ್ಲ. ಈ ಕೆಲಸಕ್ಕೆ ಅವರಿಗೆ ಸಂಬಳವೂ ಇಲ್ಲ. ಆದರೂ ಅವರೆದುರು ನಿಂತ ಆಪಾದಿತನನ್ನು ತಪ್ಪಿತಸ್ಥನೆಂದು ತೀರ್ಮಾನಿಸಿ ಸೆರೆಮನೆಗೆ ಕಳುಹಿಸುವ ಅಧಿಕಾರ ಅವರಿಗೆ ಉಂಟು. ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ನಡೆಯುವ ಕ್ರಿಮಿನಲ್ ಮೊಕದ್ದಮೆಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮೊಕದ್ದಮೆಗಳು ಹುಟ್ಟಿ ಮುಗಿಯುವುದು ಮ್ಯಾಜಿಸ್ಟ್ರೇಟ್ ನ್ಯಾಯಸ್ಥಾನಗಳಲ್ಲಿಯೇ. ಆ ನ್ಯಾಯಸ್ಥಾನಗಳ ಪೀಠದ ಮೇಲಿರುವವರಲ್ಲಿ ಬಹುಪಾಲು ಇಂಥ ಸಾಮಾನ್ಯ ನಾಗರಿಕರೇ.

ಕಾನೂನು ಓದದ ಒಬ್ಬ ನಾಗರಿಕ ತನ್ನಂಥದೇ ಇನ್ನೊಬ್ಬ ನಾಗರಿಕನ ಸ್ವಾತಂತ್ರ್ಯವನ್ನು ಕಿತ್ತುಕೊಳ್ಳುವುದು ಸರಿಯೇ? ಸರಿಯಾದರೆ ಯಾವ ಕಟ್ಟುಪಾಡಿನೊಳಗೆ ಸರಿ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಪದ್ಧತಿಯ ಚರಿತ್ರೆಯನ್ನೂ ಅಧಿಕಾರವನ್ನೂ ಸ್ಥೂಲವಾಗಿ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಇವರು ಜ್ಯೂರಿಗಳಲ್ಲ. ಜ್ಯೂರಿಯಲ್ಲಿ ಹನ್ನೆರಡು ಮಂದಿ. ಅವರನ್ನು ಮತದಾರರ ಪಟ್ಟಿಯಿಂದ ಚೀಟಿ ಎತ್ತಿದಂತೆ ಆರಿಸುತ್ತಾರೆ. ಆಪಾದಿತ ತಪ್ಪಿತಸ್ಥನೋ ಅಲ್ಲವೋ ಎಂದಷ್ಟೇ ಹೇಳಿ ಅವರು ಮನೆಗೆ ಹೋಗುತ್ತಾರೆ. ಶಿಕ್ಷೆ ವಿಧಿಸುವವರು ನ್ಯಾಯಾಧೀಶರು. ಸಂಬಳವಿಲ್ಲದ ಮ್ಯಾಜಿಸ್ಟ್ರೇಟರಾದರೋ ತಾವಾಗಿಯೇ ಅರ್ಜಿ ಹಾಕಿ, ಸಂದರ್ಶನಕ್ಕೆ ಒಳಗಾಗಿ, ತರಬೇತಿ ಪಡೆದು, ವರ್ಷಾನುವರ್ಷ ಸೇವೆ ಸಲ್ಲಿಸತಕ್ಕವರು. ತಪ್ಪನ್ನು ನಿರ್ಣಯಿಸುವವರೂ ಅವರೇ, ಶಿಕ್ಷೆಯನ್ನು ಗೊತ್ತುಮಾಡುವವರೂ ಅವರೇ. ಅವರ ಅಧಿಕೃತ ಹೆಸರು ಜಸ್ಟಿಸ್ ಆಫ್ ದಿ ಪೀಸ್, ಎಂದರೆ ನಾಡಿನ ಶಾಂತಿಯನ್ನು ಕಾಯುವ ನ್ಯಾಯಾಧಿಕಾರಿ. ಈ ಹೆಸರಿನಲ್ಲಿಯೇ ಅವರ ಚರಿತ್ರೆ ಅಡಗಿದೆ.

1195ರಲ್ಲಿ ಮೊದಲನೆಯ ರಿಚರ್ಡ್ ದೊರೆಯು ಅಂಕೆಯಿಲ್ಲದ ಪ್ರದೇಶಗಳಲ್ಲಿ ಶಾಂತಿಯನ್ನು ಕಾಪಾಡಲು ಕೆಲವು ನೈಟರನ್ನು ನೇಮಿಸಿದನು. ಆಗ ಅವರು ಕಾವಲುಗಾರರು ಮಾತ್ರ, ನ್ಯಾಯಾಧಿಕಾರಿಗಳಲ್ಲ. 1327ರಲ್ಲಿ ಪ್ರತಿಯೊಂದು ಕೌಂಟಿಯಲ್ಲಿಯೂ ಒಳ್ಳೆಯವರೂ ಕಾನೂನಿಗೆ ನಡೆದುಕೊಳ್ಳುವವರೂ ಆದ ಜನರನ್ನು ಶಾಂತಿರಕ್ಷಣೆಗೆ ನೇಮಿಸಬೇಕೆಂಬ ಶಾಸನವಾಯಿತು. 1361ರಲ್ಲಿ ಮೂರನೆಯ ಎಡ್ವರ್ಡನ ಕಾಲದಲ್ಲಿ ಬಂದ ಶಾಸನ ಅವರಿಗೆ ವಿಚಾರಣೆಯ ಅಧಿಕಾರವನ್ನು ಸ್ಪಷ್ಟವಾಗಿ ಕೊಟ್ಟಿತು. ಪ್ರತಿ ಕೌಂಟಿಗೂ ಒಬ್ಬ ಪ್ರಭು, ಅವನೊಡನೆ ಆ ನಾಡಿನ ಮೂರು ನಾಲ್ಕು ಮಂದಿ ಯೋಗ್ಯರು, ಜೊತೆಗೆ ಕಾನೂನು ಬಲ್ಲ ಕೆಲವರು ಎಂದು ಆ ಶಾಸನ ವಿಧಿಸಿತು. ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ಊರಿನ ದೊಡ್ಡವರು ಕುಳಿತ ಪೀಠದ ಪಕ್ಕದಲ್ಲಿ ಕಾನೂನು ಬಲ್ಲವನೊಬ್ಬ ಇರಬೇಕೆಂಬ ವಿವೇಕ ಆರುನೂರ ಅರವತ್ತು ವರ್ಷಗಳಿಗೂ ಹಿಂದೆಯೇ ಇದ್ದಿತು. ಮರುವರ್ಷವೇ ಅವರು ವರ್ಷಕ್ಕೆ ನಾಲ್ಕು ಸಲ ಸಭೆ ಸೇರಬೇಕೆಂದು ಗೊತ್ತಾಯಿತು. ಕ್ವಾರ್ಟರ್ ಸೆಷನ್ಸ್ ಎಂಬ ಆ ನ್ಯಾಯಸ್ಥಾನಗಳು 1971ರ ಶಾಸನದಿಂದ ರದ್ದಾಗುವವರೆಗೂ ಬಾಳಿದವು.

ಟ್ಯೂಡರ್ ದೊರೆಗಳ ಕಾಲದಲ್ಲಿ ಈ ಜಸ್ಟಿಸರ ಹೆಗಲಿಗೆ ಬೀಳದ ಕೆಲಸವೇ ಇರಲಿಲ್ಲ. ಸೇತುವೆಗಳ ದುರಸ್ತಿ, ಹೆಂಡದಂಗಡಿಗಳ ಲೈಸೆನ್ಸು, ಕೂಲಿಯ ದರ, ಬಡವರ ಪೋಷಣೆ, ಅಲೆಮಾರಿಗಳ ದಂಡನೆ ಎಲ್ಲವೂ ಅವರದೇ. ದೊರೆಗೆ ಇದರಿಂದ ಬಹಳ ಅನುಕೂಲವಾಯಿತು; ಬೊಕ್ಕಸದಿಂದ ಸಂಬಳ ಕೊಡದೆ ಇಡೀ ನಾಡಿನ ಆಡಳಿತ ನಡೆಯುತ್ತಿದ್ದಿತು. ಆದರೆ ಸಂಬಳವಿಲ್ಲದ ಕೆಲಸಕ್ಕೆ ಬರತಕ್ಕವರು ಯಾರು? ಹೊಟ್ಟೆಪಾಡಿನ ಚಿಂತೆಯಿಲ್ಲದವರು, ಎಂದರೆ ಜಮೀನ್ದಾರರು. ಕಾನೂನೂ ಅದನ್ನೇ ಹೇಳಿತು. 1439ರಲ್ಲಿ ವರ್ಷಕ್ಕೆ 20 ಪೌಂಡ್ ಉತ್ಪನ್ನದ ಭೂಮಿ ಇದ್ದವನೇ ಜಸ್ಟಿಸ್ ಆಗತಕ್ಕದ್ದೆಂದು ವಿಧಿಸಲಾಯಿತು. 1732ರಲ್ಲಿ ಅದು 100 ಪೌಂಡಿಗೆ ಏರಿತು. ಷೇಕ್ಸ್‌ಪಿಯರನ ನಾಲ್ಕನೆಯ ಹೆನ್ರಿ ನಾಟಕದ ಎರಡನೆಯ ಭಾಗವನ್ನು ಓದಿರುವ ನಮ್ಮ ಇಂಗ್ಲಿಷ್ ವಿಭಾಗದ ಮಿತ್ರರಿಗೆ ಜಸ್ಟಿಸ್ ಶ್ಯಾಲೋ ಎಂಬ ಬಡಾಯಿಕೋರ ಮುದುಕನ ನೆನಪಿರಬಹುದು. ಹಳ್ಳಿಯ ಜಸ್ಟಿಸ್ ಜನರ ನಗೆಗೆ ಎಷ್ಟು ಹಿಂದಿನಿಂದಲೂ ಗುರಿಯಾಗಿದ್ದನೆಂಬುದಕ್ಕೆ ಅವನೇ ಸಾಕ್ಷಿ.

ನಗೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ, ಕಣ್ಣೀರೂ ಇದ್ದಿತು. 1671ರ ಬೇಟೆಯ ಶಾಸನದ ಪ್ರಕಾರ ದೊಡ್ಡ ಆಸ್ತಿಯುಳ್ಳವರು ಮಾತ್ರ ಬೇಟೆಯಾಡಬಹುದಾಗಿತ್ತು. ಹಸಿದ ಕೂಲಿಯವನೊಬ್ಬ ಮೊಲವನ್ನೋ ಕಾಡುಕೋಳಿಯನ್ನೋ ಹಿಡಿದರೆ ಅವನನ್ನು ವಿಚಾರಿಸತಕ್ಕವನು ಯಾರು? ಬೇಟೆಯ ಹಕ್ಕುಳ್ಳ ಜಮೀನ್ದಾರರಲ್ಲಿಯೇ ಒಬ್ಬ, ಅನೇಕ ವೇಳೆ ತನ್ನ ಮನೆಯ ಹಜಾರದಲ್ಲಿಯೇ ಕುಳಿತು! ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು? 1831ರವರೆಗೂ ಈ ಬೇಟೆಯ ಕಾನೂನು ನಡೆದೇ ಇದ್ದಿತು.

ಪಟ್ಟಣಗಳಲ್ಲಿ ಕೇಡು ಬೇರೆ ರೂಪ ತಾಳಿತು. ಲಂಡನ್ನಿನಲ್ಲಿ ಕೆಲಸ ವಿಪರೀತವಾಗಿದ್ದುದರಿಂದ ಗೌರವಸ್ಥರು ಈ ಹೊಣೆಗೆ ಹಿಂದೆಗೆದರು. ಬಂದವರಲ್ಲಿ ಹಲವರು ಪ್ರತಿಯೊಂದು ವಾರಂಟಿಗೂ ಜಾಮೀನಿಗೂ ರುಸುಮು ವಸೂಲು ಮಾಡಿ ಅದರಿಂದಲೇ ಜೀವನ ಸಾಗಿಸುವ ‘ವ್ಯಾಪಾರಿ ಜಸ್ಟಿಸರು’. ಜಗಳ ಹೆಚ್ಚಿದಷ್ಟೂ ಅವರಿಗೆ ಲಾಭ. ಟಾಮ್ ಜೋನ್ಸ್ ಕಾದಂಬರಿಯ ಕರ್ತೃ ಹೆನ್ರಿ ಫೀಲ್ಡಿಂಗ್ 1748ರಲ್ಲಿ ಲಂಡನ್ನಿನ ಬೋ ಸ್ಟ್ರೀಟಿನಲ್ಲಿ ಮ್ಯಾಜಿಸ್ಟ್ರೇಟನಾಗಿ ಬಂದು ಈ ಕೊಳೆಯನ್ನು ತೊಳೆಯಲು ಶ್ರಮಿಸಿದನು. ಕೊನೆಗೆ 1792ರಲ್ಲಿ ಪಾರ್ಲಿಮೆಂಟು ಲಂಡನ್ನಿಗೆ ಸಂಬಳದ ಮ್ಯಾಜಿಸ್ಟ್ರೇಟರನ್ನು ಕೊಟ್ಟಿತು. ಕಾನೂನು ಪಂಡಿತರಾದ ಈ ಸಂಬಳದ ಮ್ಯಾಜಿಸ್ಟ್ರೇಟರ ಪರಂಪರೆ ದೊಡ್ಡ ನಗರಗಳಲ್ಲಿ ಇಂದಿಗೂ ಇದೆ. 2000ನೆಯ ಇಸವಿಯಿಂದ ಅವರನ್ನು ಡಿಸ್ಟ್ರಿಕ್ಟ್ ಜಡ್ಜಿಗಳೆಂದು ಕರೆಯುತ್ತಾರೆ.

ಇವೆಲ್ಲಕ್ಕಿಂತ ಘೋರವಾದ ಘಟನೆ ನಡೆದುದು 1819ರ ಆಗಸ್ಟ್ 16ರಂದು, ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ. ಪಾರ್ಲಿಮೆಂಟಿನ ಸುಧಾರಣೆಯಾಗಬೇಕು, ತಮಗೂ ಪ್ರಾತಿನಿಧ್ಯ ಬೇಕು ಎಂದು ಕೇಳಲು ಸುಮಾರು 60,000 ಜನ ಹೆಂಗಸರು ಮಕ್ಕಳೊಡನೆ ಅಲ್ಲಿ ಸೇರಿದ್ದರು. ಬಯಲಿನಂಚಿನ ಮನೆಯೊಂದರಿಂದ ನೋಡುತ್ತಿದ್ದ ಮ್ಯಾಜಿಸ್ಟ್ರೇಟರು ಭಾಷಣಕಾರ ಹೆನ್ರಿ ಹಂಟನನ್ನು ಸೆರೆಹಿಡಿಯಲು ಅಪ್ಪಣೆ ಮಾಡಿದರು. ಕತ್ತಿ ಹಿರಿದ ಕುದುರೆ ಸವಾರರು ಗುಂಪಿನೊಳಕ್ಕೆ ನುಗ್ಗಿದರು. ಸತ್ತವರು 15ರಿಂದ 18 ಮಂದಿ ಎಂದು ಚರಿತ್ರಕಾರರ ಎಣಿಕೆ. ಗಾಯಗೊಂಡವರು ನೂರಾರು ಮಂದಿ. ಸರ್ಕಾರ ಆ ಮ್ಯಾಜಿಸ್ಟ್ರೇಟರಿಗೆ ವಂದನೆಯನ್ನು ತಿಳಿಸಿತು! ಒಂದೇ ವರ್ಗದ ಜನರ ಕೈಯಲ್ಲಿ ಪೊಲೀಸು, ಆಡಳಿತ, ನ್ಯಾಯ ಮೂರೂ ಸೇರಿದರೆ ಏನಾದೀತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಷ್ಟಾದರೂ ಇಂಗ್ಲಿಷರು ಈ ಸಂಸ್ಥೆಯನ್ನು ಕಿತ್ತೊಗೆಯಲಿಲ್ಲ. ಅದರ ಒಂದೊಂದೇ ವಿಷದ ಹಲ್ಲನ್ನು ಕೀಳುತ್ತ ಬಂದರು. 1835ರಲ್ಲಿ ಪಟ್ಟಣಗಳ ಆಡಳಿತವೂ, 1888ರಲ್ಲಿ ಕೌಂಟಿಗಳ ಆಡಳಿತವೂ ಜಸ್ಟಿಸರ ಕೈಬಿಟ್ಟು ಚುನಾಯಿತ ಸಭೆಗಳಿಗೆ ಸೇರಿದವು. 1906ರಲ್ಲಿ ಆಸ್ತಿಯ ಅರ್ಹತೆ ರದ್ದಾಯಿತು. 1919ರ ಶಾಸನ ಹೆಂಗಸರಿಗೆ ಬಾಗಿಲು ತೆರೆಯಿತು. ಅದೇ ಡಿಸೆಂಬರ್ 31ರಂದು ಸ್ಟೇಲಿಬ್ರಿಡ್ಜ್ ಪಟ್ಟಣದ ಮೇಯರ್ ಆಗಿದ್ದ ಏಡಾ ಸಮ್ಮರ್ಸ್ ಪ್ರಮಾಣವಚನ ಸ್ವೀಕರಿಸಿದ ಮೊದಲ ಮಹಿಳೆಯಾದರು. ಇಂದು ಪೀಠದ ಮೇಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಹಿಳೆಯರೇ. 1966ರಿಂದ ಹೊಸಬರಿಗೆ ತರಬೇತಿ ಕಡ್ಡಾಯವಾಯಿತು. ಹೀಗೆ ಅಧಿಕಾರದ ವ್ಯಾಪ್ತಿ ಕುಗ್ಗುತ್ತ ಬಂದಿತು, ಪೀಠಕ್ಕೆ ಬರುವವರ ವ್ಯಾಪ್ತಿ ಹಿಗ್ಗುತ್ತ ಬಂದಿತು.

ಈಗ ಈ ಮ್ಯಾಜಿಸ್ಟ್ರೇಟರ ನೇಮಕ ಹೇಗೆ, ಅಧಿಕಾರ ಎಷ್ಟು ಎಂಬುದನ್ನು ನೋಡೋಣ. ಹದಿನೆಂಟು ವರ್ಷ ತುಂಬಿದ, ನಡತೆಯಲ್ಲಿ ಶುದ್ಧರಾದ ಯಾರು ಬೇಕಾದರೂ ಅರ್ಜಿ ಹಾಕಬಹುದು. ಪೊಲೀಸಿನವರಂತೆ ಕೆಲಸದ ಕಾರಣದಿಂದ ನಿಷ್ಪಕ್ಷಪಾತತೆಗೆ ಸಂಶಯ ಬರಬಹುದಾದವರನ್ನು ಮಾತ್ರ ತೆಗೆದುಕೊಳ್ಳುವುದಿಲ್ಲ. ಸ್ಥಳೀಯ ಸಲಹಾ ಸಮಿತಿಗಳು ಸಂದರ್ಶನ ನಡೆಸಿ ಶಿಫಾರಸು ಮಾಡುತ್ತವೆ. ಅಲ್ಲಿ ಪರೀಕ್ಷಿಸುವುದು ಕಾನೂನಿನ ಜ್ಞಾನವನ್ನಲ್ಲ. ಎರಡು ಕಡೆಯ ಮಾತನ್ನು ತಾಳ್ಮೆಯಿಂದ ಕೇಳುವ, ಸಾಕ್ಷ್ಯವನ್ನು ತೂಗಿ ನೋಡುವ, ತನ್ನ ಪೂರ್ವಗ್ರಹವನ್ನು ತಾನೇ ಗುರುತಿಸಿಕೊಳ್ಳುವ ಶಕ್ತಿಯನ್ನು. ನೇಮಕವಾದವರು ಭಯ, ದಾಕ್ಷಿಣ್ಯ, ಪ್ರೀತಿ, ದ್ವೇಷಗಳಿಲ್ಲದೆ ನ್ಯಾಯ ನಡೆಸುವುದಾಗಿ ಪ್ರಮಾಣ ಮಾಡುತ್ತಾರೆ. ವರ್ಷಕ್ಕೆ ಕನಿಷ್ಠ ಹದಿಮೂರು ದಿನ ಕುಳಿತುಕೊಳ್ಳಬೇಕು. ಪ್ರಯಾಣದ ವೆಚ್ಚವೂ, ಆ ದಿನಗಳ ಗಳಿಕೆಗೆ ಆದ ನಷ್ಟಕ್ಕೆ ಒಂದಿಷ್ಟು ಭತ್ಯವೂ ದೊರೆಯುತ್ತದೆ, ಸಂಬಳವೆಂಬುದಿಲ್ಲ. ನಿವೃತ್ತಿಯ ವಯಸ್ಸು 70 ಇದ್ದುದು 2022ರಲ್ಲಿ 75ಕ್ಕೆ ಏರಿತು.

ಅಪರಾಧಗಳನ್ನು ಅಲ್ಲಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಸಂಚಾರದ ನಿಯಮ ಮೀರುವುದು, ಸಣ್ಣಪುಟ್ಟ ಹೊಡೆದಾಟ ಮೊದಲಾದವು ಮೊದಲನೆಯ ಬಗೆ. ಇವುಗಳ ವಿಚಾರಣೆ ಮ್ಯಾಜಿಸ್ಟ್ರೇಟರಲ್ಲಿಯೇ ಆಗತಕ್ಕದ್ದು. ಕೊಲೆ, ದರೋಡೆಯಂಥ ಘೋರ ಅಪರಾಧಗಳು ಎರಡನೆಯ ಬಗೆ. ಇಂಥ ಆಪಾದಿತನೂ ಮೊದಲು ಬರುವುದು ಮ್ಯಾಜಿಸ್ಟ್ರೇಟರ ಮುಂದೆಯೇ, ಆದರೆ ಅವರು ಅವನನ್ನು ನ್ಯಾಯಾಧೀಶರೂ ಜ್ಯೂರಿಯೂ ಇರುವ ಕ್ರೌನ್ ಕೋರ್ಟಿಗೆ ಒಡನೆಯೇ ಕಳುಹಿಸಬೇಕು. ಕಳವಿನಂಥವು ಇವೆರಡರ ನಡುವಣ ಬಗೆ. ಎಲ್ಲಿ ಬೇಕಾದರೂ ನಡೆಯಬಹುದು. ಮೊಕದ್ದಮೆ ತಮ್ಮ ಶಕ್ತಿಗೆ ಮೀರಿದ್ದೆಂದು ಕಂಡರೆ ಮ್ಯಾಜಿಸ್ಟ್ರೇಟರು ಮೇಲಕ್ಕೆ ಕಳುಹಿಸುತ್ತಾರೆ. ತಾವೇ ವಿಚಾರಿಸಲು ಒಪ್ಪಿದರೂ ತನಗೆ ಜ್ಯೂರಿಯೇ ಬೇಕೆಂದು ಕೇಳುವ ಹಕ್ಕು ಬಹುಕಾಲದಿಂದ ಆಪಾದಿತನಿಗೆ ಇದ್ದಿತು. ಈ ಹಕ್ಕನ್ನು ಮೊಟಕು ಮಾಡಬೇಕೆಂಬ ಸಲಹೆ 2025ರಲ್ಲಿ ಅಲ್ಲಿ ದೊಡ್ಡ ಚರ್ಚೆಯನ್ನೆಬ್ಬಿಸಿತು.

ಶಿಕ್ಷೆಯ ಮಿತಿಯ ಕಥೆ ಸ್ವಾರಸ್ಯವಾಗಿದೆ. ಒಂದು ಅಪರಾಧಕ್ಕೆ ಆರು ತಿಂಗಳ ಸಜಾ ಎಂಬುದು ಬಹುಕಾಲದ ಮಿತಿ. 2022ರ ಮೇ ತಿಂಗಳಿನಲ್ಲಿ ನಡುವಣ ಬಗೆಯ ಅಪರಾಧಗಳಿಗೆ ಅದನ್ನು 12 ತಿಂಗಳಿಗೆ ಏರಿಸಿದರು. 2023ರ ಮಾರ್ಚಿನಲ್ಲಿ ಮತ್ತೆ ಆರಕ್ಕೆ ಇಳಿಸಿದರು. 2024ರ ನವೆಂಬರಿನಲ್ಲಿ ಮರಳಿ 12ಕ್ಕೆ ಏರಿಸಿದರು. 2025ರ ಡಿಸೆಂಬರಿನಲ್ಲಿ ಅದನ್ನು 18 ತಿಂಗಳಿಗೆ ಏರಿಸುವ ಇಂಗಿತವನ್ನು ಸರ್ಕಾರ ಪ್ರಕಟಿಸಿತು. ಈ ಏರಿಳಿತಕ್ಕೆ ಕಾರಣ ಮ್ಯಾಜಿಸ್ಟ್ರೇಟರ ಬುದ್ಧಿ ಒಮ್ಮೆ ಬೆಳೆದು ಇನ್ನೊಮ್ಮೆ ಕುಗ್ಗಿದುದಲ್ಲ. ಕ್ರೌನ್ ಕೋರ್ಟುಗಳಲ್ಲಿ ಬಾಕಿ ಬೆಳೆದಾಗ ಮಿತಿ ಏರುತ್ತದೆ, ಸೆರೆಮನೆಗಳಲ್ಲಿ ಇಕ್ಕಟ್ಟಾದಾಗ ಇಳಿಯುತ್ತದೆ. ಜುಲ್ಮಾನೆಯ ವಿಷಯದಲ್ಲಾದರೋ 2015ರಿಂದ ಅನೇಕ ಅಪರಾಧಗಳಿಗೆ ಮೇಲ್ಮಿತಿಯೇ ಇಲ್ಲ.

ವಿಚಾರಣೆಯಷ್ಟೇ ಅವರ ಕೆಲಸವಲ್ಲ. ಜಾಮೀನು ಕೊಡುವುದು, ಶೋಧನೆಯ ವಾರಂಟು ಹೊರಡಿಸುವುದು ಅವರಿಗೆ ಸೇರಿದವು. ಪೊಲೀಸರು ಆಪಾದನೆ ಹೊರಿಸದೆಯೇ ಒಬ್ಬನನ್ನು ಠಾಣೆಯಲ್ಲಿ 36 ಗಂಟೆಗಳಿಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕಾದರೆ 1984ರ ಶಾಸನದ ಪ್ರಕಾರ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಅವರೂ ಸಾಮಾನ್ಯ ಅಪರಾಧಗಳಲ್ಲಿ ಒಟ್ಟು 96 ಗಂಟೆಗಳನ್ನು ಮೀರಿ ಕೊಡುವಂತಿಲ್ಲ. ಹತ್ತರಿಂದ ಹದಿನೇಳು ವರ್ಷದ ಮಕ್ಕಳನ್ನು ವಿಚಾರಿಸುವ ನ್ಯಾಯಸ್ಥಾನಗಳಲ್ಲಿಯೂ, ಕುಟುಂಬದ ನ್ಯಾಯಸ್ಥಾನಗಳಲ್ಲಿಯೂ ವಿಶೇಷ ತರಬೇತಿ ಪಡೆದ ಮ್ಯಾಜಿಸ್ಟ್ರೇಟರು ಕುಳಿತುಕೊಳ್ಳುತ್ತಾರೆ.

ಇಷ್ಟು ದೊಡ್ಡ ಅಧಿಕಾರವನ್ನು ಕಾನೂನು ಓದದವರಿಗೆ ಕೊಟ್ಟು ಅವರು ನಿದ್ದೆ ಮಾಡುವುದು ಹೇಗೆ? ಇದರ ಗುಟ್ಟು ಇರುವುದು ಆ ಅಧಿಕಾರಕ್ಕೆ ಹಾಕಿರುವ ಕಟ್ಟುಗಳಲ್ಲಿ.

ಮೊದಲನೆಯ ಕಟ್ಟು, ಪೀಠದ ಮೇಲೆ ಮೂವರಿರುವುದು. ನಡುವೆ ಕುಳಿತವರು ಅಧ್ಯಕ್ಷರು. ಪೀಠದ ಪರವಾಗಿ ಮಾತನಾಡುವವರು ಅವರು. ಆದರೆ ತೀರ್ಪಿನಲ್ಲಿ ಮೂವರ ಮತಕ್ಕೂ ಒಂದೇ ಬೆಲೆ. ಒಬ್ಬರಿಗೆ ಆಪಾದಿತನ ಮುಖ ಕಂಡರಾಗದಿದ್ದರೂ ಉಳಿದಿಬ್ಬರಿಗೆ ಕಾರಣ ಹೇಳಿ ಒಪ್ಪಿಸಬೇಕು. ಹೀಗೆ ಒಬ್ಬರ ಕೋಪವನ್ನೂ ಒಬ್ಬರ ಕನಿಕರವನ್ನೂ ಇನ್ನಿಬ್ಬರು ತೂಗಿ ನೋಡುತ್ತಾರೆ.

ಎರಡನೆಯ ಕಟ್ಟು, ಪೀಠದ ಕೆಳಗೆ ಕುಳಿತಿರುವ ಕಾನೂನು ಸಲಹೆಗಾರ. ಹಿಂದೆ ಇವರನ್ನು ಕ್ಲರ್ಕ್ ಎನ್ನುತ್ತಿದ್ದರು. ಕ್ಲರ್ಕ್ ಎಂದೊಡನೆ ನಮ್ಮ ಕಛೇರಿಯ ಗುಮಾಸ್ತರೆಂದು ತಿಳಿಯಬಾರದು, ಇವರು ಕಾನೂನಿನಲ್ಲಿ ಪರಿಣತರು. ಕಾನೂನು ಏನು ಹೇಳುತ್ತದೆ, ಇಂಥ ಅಪರಾಧಕ್ಕೆ ಶಿಕ್ಷೆಯ ಮಾರ್ಗಸೂಚಿ ಏನಿದೆ ಎಂದು ಇವರು ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತಾರೆ. ಆದರೆ ಸಾಕ್ಷಿಯ ಮಾತು ನಂಬತಕ್ಕದ್ದೋ ಅಲ್ಲವೋ, ಆಪಾದಿತ ತಪ್ಪಿತಸ್ಥನೋ ಅಲ್ಲವೋ ಎಂಬುದರಲ್ಲಿ ಇವರು ಬಾಯಿ ಹಾಕುವಂತಿಲ್ಲ. ಒಳಕೋಣೆಯಲ್ಲಿ ಕಾನೂನಿನ ಸಲಹೆ ಕೊಟ್ಟಿದ್ದರೆ ಅದನ್ನು ಬಹಿರಂಗ ನ್ಯಾಯಸ್ಥಾನದಲ್ಲಿ ಎರಡು ಕಡೆಯವರ ಮುಂದೆ ಮತ್ತೆ ಹೇಳಬೇಕು. ಕಾನೂನು ಬಲ್ಲವನಿಗೆ ತೀರ್ಪಿನ ಅಧಿಕಾರವಿಲ್ಲ, ತೀರ್ಪಿನ ಅಧಿಕಾರವುಳ್ಳವರು ಕಾನೂನನ್ನು ಕೇಳದೆ ನಡೆಯುವಂತಿಲ್ಲ. 1361ರ ಶಾಸನದಲ್ಲಿ ಬಿತ್ತಿದ ಬೀಜ ಇಲ್ಲಿ ಮರವಾಗಿದೆ.

ಈ ಗೆರೆ ಎಷ್ಟು ಸೂಕ್ಷ್ಮವಾದುದೆಂಬುದನ್ನು ಸಸೆಕ್ಸ್ ಕೌಂಟಿಯ ಪ್ರಸಿದ್ಧ ಮೊಕದ್ದಮೆಯೊಂದು ತೋರಿಸುತ್ತದೆ. ಮೋಟಾರ್ ಸೈಕಲ್ ಅಪಘಾತವೊಂದರಲ್ಲಿ ಅಪಾಯಕರವಾಗಿ ಓಡಿಸಿದನೆಂದು ಒಬ್ಬನ ಮೇಲೆ ಆಪಾದನೆ ಬಂದಿತು. ಅಂದು ಕ್ಲರ್ಕಿನ ಸ್ಥಾನದಲ್ಲಿದ್ದವರು ಒಂದು ವಕೀಲರ ಸಂಸ್ಥೆಗೆ ಸೇರಿದವರು. ಅದೇ ಅಪಘಾತಕ್ಕೆ ಸಂಬಂಧಿಸಿದಂತೆ ಆ ಆಪಾದಿತನಿಂದ ನಷ್ಟಪರಿಹಾರ ಕೇಳುತ್ತಿದ್ದವರ ಪರವಾಗಿದ್ದುದು ಆ ಸಂಸ್ಥೆಯೇ. ಮ್ಯಾಜಿಸ್ಟ್ರೇಟರು ಒಳಕೋಣೆಗೆ ಹೋದಾಗ ಆ ಕ್ಲರ್ಕೂ ಜೊತೆಯಲ್ಲಿ ಹೋದರು. ಮ್ಯಾಜಿಸ್ಟ್ರೇಟರು ಅವರನ್ನು ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಹೊರಗೆ ಬಂದು ಶಿಕ್ಷೆ ವಿಧಿಸಿದರು. ಆದರೂ ಹೈಕೋರ್ಟು ಆ ತೀರ್ಪನ್ನು ರದ್ದುಮಾಡಿತು. ನ್ಯಾಯ ನಡೆದರೆ ಸಾಲದು, ನ್ಯಾಯ ನಡೆಯಿತೆಂದು ಕಣ್ಣಿಗೆ ನಿಸ್ಸಂದೇಹವಾಗಿ ಕಾಣಬೇಕು ಎಂಬ ಲಾರ್ಡ್ ಹ್ಯೂವರ್ಟರ ಮಾತು ಹುಟ್ಟಿದುದು 1924ರ ಕಾನೂನು ವರದಿಯಲ್ಲಿ ಅಚ್ಚಾಗಿರುವ ಈ ತೀರ್ಪಿನಲ್ಲಿಯೇ. ನಮ್ಮ ದೇಶದ ನ್ಯಾಯಸ್ಥಾನಗಳಲ್ಲಿಯೂ ಎಷ್ಟೋ ಬಾರಿ ಉದ್ಧರಿಸಲ್ಪಡುವ ಈ ಮಾತಿಗೆ ಕಾರಣವಾದುದು ಒಂದು ಸಾಮಾನ್ಯ ಪೀಠದ ಮುಂದೆ ನಡೆದ ಚಿಕ್ಕ ಮೊಕದ್ದಮೆ ಎಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ.

ಮೂರನೆಯ ಕಟ್ಟು, ಬಾಗಿಲು ತೆರೆದಿರುವುದು. ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು. ಮಕ್ಕಳ ನ್ಯಾಯಸ್ಥಾನದಂಥ ಕೆಲವು ಕಡೆ ಮಾತ್ರ ಇದಕ್ಕೆ ಅಪವಾದ. ನಾಲ್ಕನೆಯದು ಅಪೀಲು. ಶಿಕ್ಷೆಗೊಳಗಾದವನು ಕ್ರೌನ್ ಕೋರ್ಟಿಗೆ ಹೋದರೆ ಅಲ್ಲಿ ಒಬ್ಬ ನ್ಯಾಯಾಧೀಶರೂ, ಮೊದಲಿನ ವಿಚಾರಣೆಯಲ್ಲಿ ಕುಳಿತಿರದ ಮ್ಯಾಜಿಸ್ಟ್ರೇಟರೂ ಸೇರಿ ಹೊಸದಾಗಿ ವಿಚಾರಿಸುತ್ತಾರೆ. ಕಾನೂನಿನ ಪ್ರಶ್ನೆಯಿದ್ದರೆ ಹೈಕೋರ್ಟಿಗೂ ಹೋಗಬಹುದು.

ಈ ಪದ್ಧತಿಗೆ ಆಕ್ಷೇಪಣೆಗಳು ಇಲ್ಲದಿಲ್ಲ. ಸಂಬಳದ ನ್ಯಾಯಾಧೀಶರೊಬ್ಬರೇ ಕುಳಿತರೆ ಕೆಲಸ ಬೇಗ ಸಾಗುತ್ತದೆ. ಮೂವರು ಒಳಗೆ ಹೋಗಿ ಚರ್ಚಿಸಿ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಪೀಠಕ್ಕೆ ಬಿಡುವು ಮಾಡಿಕೊಳ್ಳಬಲ್ಲವರಲ್ಲಿ ವಯಸ್ಸಾದವರೂ ಅನುಕೂಲಸ್ಥರೂ ಹೆಚ್ಚು. ದಿನಗೂಲಿಯವರೂ ತರುಣರೂ ಕಡಿಮೆ. ಪೊಲೀಸರ ಮಾತನ್ನು ದಿನವೂ ಕೇಳಿ ಕೇಳಿ ಅದನ್ನೇ ನಂಬುವ ಅಭ್ಯಾಸ ಬಂದುಬಿಡುತ್ತದೆಂಬ ದೂರೂ ಇದೆ. ಮೇಲಾಗಿ ಸಂಖ್ಯೆಯೇ ಕುಸಿಯಿತು. ಈ ಶತಮಾನದ ಮೊದಲ ದಶಕದಲ್ಲಿ ಸುಮಾರು 30,000 ಇದ್ದ ಮ್ಯಾಜಿಸ್ಟ್ರೇಟರು 2024ರಲ್ಲಿ 15,000ಕ್ಕಿಂತ ಕಡಿಮೆ. 2010ರಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ಮ್ಯಾಜಿಸ್ಟ್ರೇಟ್ ನ್ಯಾಯಸ್ಥಾನಗಳ ಕಟ್ಟಡಗಳು ಮುಚ್ಚಿದವು. ಊರಿನ ನ್ಯಾಯವನ್ನು ಊರಿನವರೇ ಹೇಳುವುದು ಈ ಪದ್ಧತಿಯ ಹೆಮ್ಮೆಯಾಗಿದ್ದಿತು. ಊರಿನ ನ್ಯಾಯಸ್ಥಾನವೇ ಮುಚ್ಚಿದ ಮೇಲೆ ಆ ಹೆಮ್ಮೆಗೆ ಏನು ಉಳಿಯಿತು?

ಆದರೆ ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದು. 2015ರ ಶಾಸನದಿಂದ ಒಬ್ಬರೇ ಮ್ಯಾಜಿಸ್ಟ್ರೇಟರ ವಿಚಾರಣೆಯೆಂಬ ಹೊಸ ಕ್ರಮ ಬಂದಿತು. ಟೆಲಿವಿಷನ್ ಲೈಸೆನ್ಸ್ ಇಲ್ಲದಿರುವುದು, ವಿಮೆಯಿಲ್ಲದೆ ಕಾರು ಓಡಿಸುವುದು ಮೊದಲಾದ, ಸೆರೆವಾಸದ ಶಿಕ್ಷೆಯಿಲ್ಲದ ಅಪರಾಧಗಳನ್ನು ಒಬ್ಬರೇ ಮ್ಯಾಜಿಸ್ಟ್ರೇಟರು ಸಲಹೆಗಾರನ ನೆರವಿನಿಂದ ಬರಿಯ ಕಾಗದಪತ್ರಗಳನ್ನು ನೋಡಿ ಇತ್ಯರ್ಥ ಮಾಡುತ್ತಾರೆ. ಆಪಾದಿತ ಎದುರಿಗಿರುವುದಿಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವವರೂ ಇಲ್ಲ. ಆಪಾದಿತನಿಗೆ ಕಾಗದ ಹೋಗುತ್ತದೆ. 21 ದಿನಗಳೊಳಗೆ ಉತ್ತರ ಬಾರದಿದ್ದರೆ ಅವನ ಮಾತು ಕೇಳದೆಯೇ ತೀರ್ಪಾಗಬಹುದು. ಕಾಗದ ಮುಟ್ಟದವರು, ಓದಿ ತಿಳಿಯಲಾರದವರು, ಕಾಯಿಲೆಯಿಂದ ಮಲಗಿದವರು ಹೀಗೆ ದಂಡಕ್ಕೆ ಒಳಗಾಗುತ್ತಿದ್ದಾರೆಂದು ಅಲ್ಲಿನ ಪತ್ರಿಕೆಗಳು ಬರೆದಿವೆ. 2024ರ ಆಗಸ್ಟಿನಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ರೈಲಿನ ಟಿಕೆಟ್ಟಿಗೆ ಸಂಬಂಧಿಸಿದ ಒಂದು ಬಗೆಯ ಅಪರಾಧಕ್ಕೆ ಈ ಕ್ರಮವನ್ನು ಬಳಸಲು ಕಾನೂನಿನಲ್ಲಿ ಅವಕಾಶವೇ ಇರಲಿಲ್ಲ. ಆದರೂ ರೈಲ್ವೆ ಕಂಪೆನಿಗಳು ವರ್ಷಗಟ್ಟಲೆ ಬಳಸುತ್ತ ಬಂದಿದ್ದವು. ಚೀಫ್ ಮ್ಯಾಜಿಸ್ಟ್ರೇಟರು ಅಂಥ ತೀರ್ಪುಗಳು ಅಸಿಂಧುವೆಂದು ಸಾರಿದರು. ಅವುಗಳ ಸಂಖ್ಯೆ ಎಪ್ಪತ್ತು ಸಾವಿರಕ್ಕೂ ಮೇಲೆಂದು ಅಂದಾಜಾಯಿತು.

ಇಷ್ಟು ದೊಡ್ಡ ತಪ್ಪು ಇಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಇದ್ದುದು ಹೇಗೆ? ಪೀಠದಲ್ಲಿ ಮೂವರಿದ್ದು, ಎದುರಿಗೆ ಆಪಾದಿತನಿದ್ದು, ಅವನ ಪಕ್ಕದಲ್ಲಿ ವಕೀಲನಿದ್ದು, ಹಿಂದೆ ಕೇಳುವ ಜನರಿದ್ದಿದ್ದರೆ ಯಾರಾದರೊಬ್ಬರು ಎದ್ದುನಿಂತು ಪ್ರಶ್ನೆ ಹಾಕುತ್ತಿರಲಿಲ್ಲವೇ? ತಪ್ಪು ಮಾಡಿದವರು ಮೂರ್ಖರೂ ಅಲ್ಲ, ದುಷ್ಟರೂ ಅಲ್ಲ. ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಾಗ ಒಳ್ಳೆಯವರ ಕೈಯಲ್ಲಿಯೂ ನ್ಯಾಯ ಜಾರಿಹೋಗುತ್ತದೆ ಎಂಬುದೇ ಇದರ ಪಾಠ.

ಇನ್ನು ನಮ್ಮ ದೇಶದ ಮಾತು. ಬ್ರಿಟಿಷರು ಈ ಪದ್ಧತಿಯ ಹೊರ ಆಕಾರವನ್ನು ಇಲ್ಲಿಗೂ ತಂದರು. 1898ರ ಕ್ರಿಮಿನಲ್ ಪ್ರೊಸೀಜರ್ ಕೋಡಿನ ಕಾಲದಲ್ಲಿ ಸಂಬಳವಿಲ್ಲದ ಆನರರಿ ಮ್ಯಾಜಿಸ್ಟ್ರೇಟರೂ, ಹಲವರು ಒಟ್ಟಿಗೆ ಕುಳಿತುಕೊಳ್ಳುವ ಬೆಂಚ್ ಕೋರ್ಟುಗಳೂ ಇದ್ದವು. ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಆನರರಿ ಮ್ಯಾಜಿಸ್ಟ್ರೇಟರಿದ್ದರು. ಆದರೆ ಆ ಪದವಿ ಸರ್ಕಾರಕ್ಕೆ ಬೇಕಾದವರಿಗೆ ಕೊಡುವ ಬಿರುದಿನಂತಾಯಿತೆಂದು ಜನ ಆಡಿಕೊಳ್ಳುತ್ತಿದ್ದರು. ಅತ್ತ ಸಂಬಳದ ಮ್ಯಾಜಿಸ್ಟ್ರೇಟರಲ್ಲಿ ಹಲವರು ರೆವಿನ್ಯೂ ಅಧಿಕಾರಿಗಳೇ. ಕಂದಾಯ ವಸೂಲು ಮಾಡುವವರೂ ಅವರೇ, ದಂಡ ವಿಧಿಸುವವರೂ ಅವರೇ. ಆಡಳಿತದಿಂದ ನ್ಯಾಯವನ್ನು ಬೇರ್ಪಡಿಸಬೇಕೆಂದು ನಮ್ಮ ರಾಜ್ಯಾಂಗದ 50ನೆಯ ವಿಧಿ ಹೇಳಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಹೊಸ ಕೋಡು ಈ ಬೇರ್ಪಡೆಯನ್ನು ದೇಶದ ಬಹುಭಾಗದಲ್ಲಿ ನೆರವೇರಿಸಿತು. ಆನರರಿ ಮ್ಯಾಜಿಸ್ಟ್ರೇಟರ ಹಳೆಯ ಪದ್ಧತಿಯೂ ಅದರೊಡನೆ ಮುಗಿಯಿತು. 2008ರ ಗ್ರಾಮ ನ್ಯಾಯಾಲಯಗಳ ಶಾಸನವೂ ಪೀಠವನ್ನು ಕೊಟ್ಟಿರುವುದು ಕಾನೂನು ಓದಿದ ನ್ಯಾಯಾಧಿಕಾರಿಗೇ ಹೊರತು ಗ್ರಾಮಸ್ಥರಿಗಲ್ಲ.

ಹಾಗಾದರೆ ಸಾಮಾನ್ಯ ನಾಗರಿಕನಿಗೆ ನಮ್ಮ ನ್ಯಾಯಪೀಠದಲ್ಲಿ ಸ್ಥಳವೇ ಇಲ್ಲವೇ? ಇದೆ, ನಮ್ಮಲ್ಲಿ ಅನೇಕರಿಗೆ ತಿಳಿಯದು, ಅಷ್ಟೆ. 2015ರ ಬಾಲನ್ಯಾಯ ಶಾಸನದ ಪ್ರಕಾರ ಪ್ರತಿ ಜಿಲ್ಲೆಯಲ್ಲಿಯೂ ಒಂದಾದರೂ ಬಾಲನ್ಯಾಯ ಮಂಡಳಿ ಇರಬೇಕು. ಕಾನೂನಿಗೆ ವಿರುದ್ಧವಾಗಿ ನಡೆದರೆಂದು ಆಪಾದನೆ ಹೊತ್ತ ಮಕ್ಕಳ ವಿಚಾರಣೆ ನಡೆಯುವುದು ಅದರ ಮುಂದೆ. ಅದರಲ್ಲಿ ಒಬ್ಬರು ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜಸೇವಕರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಕ್ಕಳ ಆರೋಗ್ಯ, ವಿದ್ಯಾಭ್ಯಾಸ ಅಥವಾ ಕ್ಷೇಮದ ಕೆಲಸದಲ್ಲಿ ಏಳು ವರ್ಷ ದುಡಿದವರು ಈ ಸ್ಥಾನಕ್ಕೆ ಅರ್ಹರು. ಕಾನೂನಿನ ಪದವಿಯೇ ಬೇಕೆಂದಿಲ್ಲ. ಅಭಿಪ್ರಾಯಭೇದ ಬಂದರೆ ಬಹುಮತದ ಮಾತೇ ನಡೆಯತಕ್ಕದ್ದು. ಎಂದರೆ ಆ ಇಬ್ಬರು ಒಮ್ಮತವಾದರೆ ಮ್ಯಾಜಿಸ್ಟ್ರೇಟರ ಅಭಿಪ್ರಾಯವನ್ನೂ ಮೀರಿ ನಿರ್ಣಯವಾಗಬಹುದು! ಕಾನೂನು ಬಲ್ಲವರೊಬ್ಬರು, ಲೋಕ ಬಲ್ಲವರಿಬ್ಬರು, ಪೀಠದಲ್ಲಿ ಒಟ್ಟು ಮೂವರು. ಇಂಗ್ಲೆಂಡಿನ ಪೀಠಕ್ಕೆ ಇದು ದೂರದ ನಂಟು.

ಕಳವಿನ ಆಪಾದನೆಯ ಮೇಲೆ ಹದಿನೈದು ವರ್ಷದ ಹುಡುಗನೊಬ್ಬ ಆ ಮಂಡಳಿಯ ಮುಂದೆ ನಿಂತಿದ್ದಾನೆಂದು ಭಾವಿಸೋಣ. ಅವನು ಯಾವ ಶಾಲೆಯನ್ನು ಯಾವಾಗ ಬಿಟ್ಟ, ಮನೆಯಲ್ಲಿ ಒಲೆ ಹೊತ್ತುತ್ತಿತ್ತೇ, ಅವನನ್ನು ಈ ಕೆಲಸಕ್ಕೆ ಹಚ್ಚಿದವರಾರು ಎಂಬ ಪ್ರಶ್ನೆಗಳು ಕಾನೂನಿನ ಪುಸ್ತಕದಿಂದ ಹುಟ್ಟುವವಲ್ಲ. ಅವು ಹುಟ್ಟುವುದು ಮಕ್ಕಳ ನಡುವೆ ಬಾಳಿದವರ ಮನಸ್ಸಿನಲ್ಲಿ. ಅಂಥವರು ಬಾಯಿಮುಚ್ಚಿ ಕುಳಿತು ಮ್ಯಾಜಿಸ್ಟ್ರೇಟರು ಬರೆದುದಕ್ಕೆ ರುಜು ಹಾಕಿದರೆ ಪೀಠದಲ್ಲಿ ಮೂವರಿದ್ದೂ ಒಬ್ಬರಿದ್ದಂತೆಯೇ. ಕೇಳಬೇಕಾದುದನ್ನು ಕೇಳಿದರೆ ಒಂದು ಬಾಳು ಉಳಿದೀತು.

ನಮ್ಮದು ಕಲಾಶಾಲೆ, ಇಲ್ಲಿ ಚರಿತ್ರೆ, ಸಮಾಜಶಾಸ್ತ್ರ, ಸಾಹಿತ್ಯಗಳನ್ನು ಓದುವ ನಮ್ಮಲ್ಲಿ ಬಹುಮಂದಿ ವಕೀಲರಾಗುವವರಲ್ಲ. ಅಷ್ಟಕ್ಕೇ ನ್ಯಾಯಸ್ಥಾನದ ಗೊಡವೆ ನಮಗೇಕೆಂದು ದೂರ ನಿಲ್ಲುವುದು ತರವಲ್ಲ. ನಾಳೆ ನಮ್ಮಲ್ಲಿ ಉಪಾಧ್ಯಾಯರಾಗಿ, ಸಮಾಜಸೇವಕರಾಗಿ ಹಲವು ವರ್ಷ ದುಡಿದವರಲ್ಲಿ ಒಬ್ಬಿಬ್ಬರು ಇಂಥ ಪೀಠದ ಮೇಲೆ ಕುಳಿತುಕೊಳ್ಳುವ ದಿನ ಬಂದೀತು. ಆಗ ನೆನಪಿರಬೇಕಾದುದು ಇಷ್ಟೆ: ಎದುರಿಗಿರುವವನ ಮುಖವನ್ನು ನೋಡಬೇಕು, ಪಕ್ಕದಲ್ಲಿರುವವರ ಮಾತಿಗೆ ಕಿವಿಗೊಡಬೇಕು, ಕಾನೂನನ್ನು ಬಲ್ಲವರಿಂದ ಕೇಳಿ ತಿಳಿಯಬೇಕು, ಕೊಟ್ಟ ತೀರ್ಪಿಗೆ ಎಲ್ಲರ ಮುಂದೆ ಕಾರಣ ಹೇಳಬೇಕು. ಇಂಗ್ಲೆಂಡು ಆರು ಶತಮಾನಗಳಿಗೂ ಮಿಕ್ಕು ಎಡವಿ ಎಡವಿ ಕಲಿತ ಪಾಠವನ್ನು ನಾವು ಎಡವದೆ ಕಲಿತರೆ ಅಷ್ಟರಮಟ್ಟಿಗೆ ಧನ್ಯರು.